ಎಡಗೈ ಗವಸು

ನೋವು ಶುರುವಾದ ಹೊತ್ತು ಎಷ್ಟು ಎಂದು ಕೇಳುತ್ತದೆ ರಿಜಿಸ್ಟರು.
ತಗುಲಿದ ಹೊತ್ತಿಗೆ ಕಾಲಂ ಬೇರೆ.
ನಡುವೆ ಓತಾಕರ್ ಸ್ಕೇಲು ಹಿಡಿದು ಎಳೆದ ಗೆರೆ.
ಆ ಗೆರೆಯ ಅಗಲ ಏಳು ಗಂಟೆ.

ಮಧ್ಯಾಹ್ನ ಎರಡೂಕಾಲು. ಲಿಬುಶೆ ಮೂವತ್ತೊಂದನೇ ಲೋಟ
ತೊಟ್ಟಿಗೆ ಅದ್ದಿದಳು. ಮೇಣ ಬಿಟ್ಟ ಕಡೆಯೆಲ್ಲ
ಜರಿಗಿಡದ ಎಲೆ ಮೂಡಬೇಕು.
ವಿಯೆನ್ನಾದಲ್ಲಿ ಯಾರದೋ ಮದುವೆ, ಅರವತ್ತು ಲೋಟ.

ತೊಟ್ಟಿಯಲ್ಲಿರುವುದು ನೋಡಲು ನೀರೇ.
ನಾವೂ ನೀರೆಂದೇ ಅನ್ನುತ್ತೇವೆ: ನೀರು ಹಾಕಿದೆಯಾ, ನೀರು ಮುಗಿಯಿತಾ.
ಗಾಜನ್ನು ತಿನ್ನುವುದನ್ನು ಗಾಜಿನಲ್ಲಿಡುವಂತಿಲ್ಲ;
ಇಡೀ ನೋವಿ ಬೋರಿನಲ್ಲಿ
ಗಾಜಿಗೆ ಹೆದರದೆ, ಗಾಜೇ ಹೆದರುವ ವಸ್ತು ಇದೊಂದೇ.

ಉರಿಯಲಿಲ್ಲ. ಕೆಂಪಾಗಲಿಲ್ಲ.
ಗವಸಿನೊಳಗೆ ತೇವ ಅನ್ನಿಸಿತಂತೆ, ಬೆವರೆಂದುಕೊಂಡಳು.
ಬೆಂಕಿ ಮುಟ್ಟಿದೊಡನೆ ಬೈಯುತ್ತದೆ.
ಇದು ಮಾತಿಲ್ಲದ ನೆಂಟ.
ಚಪ್ಪಲಿ ಹೊರಗೆ ಬಿಟ್ಟು, ಸದ್ದಿಲ್ಲದೆ
ಚರ್ಮ ದಾಟಿ ಮಾಂಸ ದಾಟಿ
ಮೂಳೆಯ ನಡುಮನೆಯಲ್ಲಿ ಕೂತು
ಸುಣ್ಣ ಕೇಳುತ್ತದೆ.

ಅವಳು ಬಸ್ಸು ಹಿಡಿದು ಮನೆಗೆ ಹೋದಳು.
ಆಲೂಗಡ್ಡೆ ಸುಲಿದಳು. ಮಗನ ಕೋಟಿಗೆ ಗುಂಡಿ ಹೊಲಿದಳು.
ಒಂಬತ್ತೂಕಾಲಿಗೆ ಕುರ್ಚಿ ಬಿಟ್ಟು ಎದ್ದಳು.
ಬಾಗಿಲ ಸಂದಿಗೆ ಬೆರಳು ಸಿಕ್ಕಿದೆ,
ಬಾಗಿಲು ಬೆರಳೊಳಗೇ ಇದೆ ಎಂದಳಂತೆ.
ನೋಡಿದರೆ ಬೆಳ್ಳಗೆ, ಸಾಸಿವೆಯಷ್ಟು ಒಂದು ಕಲೆ.

ಮುಲಾಮು ನಮ್ಮ ಫ್ರಿಜ್ಜಿನಲ್ಲೇ ಇತ್ತು,
ಓತಾಕರನ ಸಾಸೇಜಿನ ಹಿಂದೆ, ಅವಧಿ ಮುಗಿದು ಎರಡು ವರ್ಷ.
ಚೆಸ್ಕಾ ಲೀಪಾದ ಆಸ್ಪತ್ರೆಯಲ್ಲಿ ಬೆರಳ ತುದಿಗೇ ಸೂಜಿ ಹಾಕಿದರು.
ಮೂರನೇ ದಿನ ಮೊದಲ ಗೆಣ್ಣಿನವರೆಗೆ ತೆಗೆದರು.

ಕಾರಣ: ಎಡಗೈ ಗವಸಿನಲ್ಲಿ ತೂತು, ಮುಳ್ಳಿನ ಮೊನೆಯಷ್ಟು.
ಸಾಕ್ಷಿ: ಇಲ್ಲ.

ಹಿಂದಿನ ದಿನ ಆ ಗವಸು ನನ್ನ ಕೈಯಲ್ಲಿತ್ತು.
ಟ್ರೇ ತೊಳೆಯುತ್ತಿದ್ದೆ, ಬರೀ ನೀರು, ನಲ್ಲಿಯ ನಿಜವಾದ ನೀರು.
ತೋರುಬೆರಳ ತುದಿ ತಣ್ಣಗಾಯಿತು.
ನೋಡಿದೆ.
ನಾಳೆ ಹೇಳಿದರಾಯಿತು. ಬಸ್ಸಿಗೆ ಹೊತ್ತಾಗಿತ್ತು.
ಎಂದಿನ ಮೊಳೆಗೆ ತೂಗುಹಾಕಿದೆ.
ಮರುದಿನ ನನ್ನ ಪಾಳಿ ಪ್ಯಾಕಿಂಗಿನಲ್ಲಿ ಬಿತ್ತು.
ಅರವತ್ತೂ ಲೋಟ ನಾನೇ ಹುಲ್ಲಿಟ್ಟು ಕಟ್ಟಿದ್ದು.
ಒಂದೂ ಒಡೆಯದೆ ತಲುಪಿದವಂತೆ.

ಈಸ್ಟರ್ ಕಳೆದು ಲಿಬುಶೆ ಬಂದಳು.
"ನೋಡು ವ್ಲಾಸ್ತಾ, ಇನ್ನು ನನ್ನ ಗವಸಿಗೆ ರಬ್ಬರು ಉಳಿತಾಯ"
ಎಂದು ಕೈ ಬೀಸಿ ನಕ್ಕಳು.
ಎಲ್ಲರೂ ನಕ್ಕರು. ನಾನೂ.

ಈಗ ನಾನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತೇನೆ.
ಯಾರೂ ಹೇಳಿದ್ದಲ್ಲ, ಸಂಬಳಕ್ಕೆ ಸೇರುವುದೂ ಇಲ್ಲ.
ಹದಿನಾಲ್ಕು ಗವಸು. ಒಂದೊಂದಕ್ಕೂ ಗಾಳಿ ತುಂಬಿ,
ಮಣಿಕಟ್ಟು ಸುರುಳಿ ಸುತ್ತಿ, ಬಕೆಟ್ಟಿಗೆ ಮುಳುಗಿಸಿ
ಗುಳ್ಳೆಗೆ ಕಾಯುತ್ತೇನೆ.
ನೀರೊಳಗೆ ಐದೂ ಬೆರಳು ಉಬ್ಬಿಸಿಕೊಂಡು
ಕೈ ಮೇಲೇಳಲು ನೋಡುತ್ತದೆ.
ಒತ್ತಿ ಹಿಡಿಯುತ್ತೇನೆ,
ನೂರು ಎಣಿಸುವವರೆಗೆ.