ಬಲಗಿವಿಯ ಪಟ್ಟಿ

ಉಪ್ಪಳದ ಗೇಟಿನಲ್ಲಿ ರಾತ್ರಿ ಪಾಳಿ ನನ್ನದು.
ಎಡಗಿವಿ ರೈಲ್ವೆಯದು:
ಮಂಜೇಶ್ವರದ ಫೋನು, ಮೂರು ಭಾಷೆಯಲ್ಲಿ ಲಾರಿಯವರ ಬೈಗುಳ.
ಬಲಗಿವಿಗೆ ಮಾತ್ರ ಇಯರ್‌ಫೋನು. ಅದೂ ತಪ್ಪೇ,
ಇನ್‌ಸ್ಪೆಕ್ಟರಿಗೆ ಹೇಳಬೇಡಿ.

ಈ ವರ್ಷ ಮೆಚ್ಚಿದ ಆಲ್ಬಮ್ಮುಗಳನ್ನು
ಗೇಟು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿದ್ದೇನೆ.
ಬೇಕಲದ ಹುಡುಗರ 'ಒಣಮೀನಿನ ಲೆಕ್ಕ':
ಡ್ರಮ್ ಇಲ್ಲ, ಐಸ್ ಪೆಟ್ಟಿಗೆ ಬಡಿದಿದ್ದಾರೆ.
ಸವಾದನ ಆರು ಹಾಡು, ಬ್ಯಾರಿಯಲ್ಲಿ,
ದುಬೈಯ ಅಟ್ಟದ ಮಂಚದಲ್ಲಿ ಪಿಸುಗುಟ್ಟಿದ್ದು,
ಜೊತೆಯವರ ನಿದ್ದೆ ಕೆಡಬಾರದಲ್ಲ.
ನಾಲ್ಕನೆಯದು ಇವತ್ತಿಗೂ ಪೂರ್ತಿ ಗೊತ್ತಿಲ್ಲ,
ಪ್ರತಿಸಲ ಅಲ್ಲಿಗೆ ತಲುಪುವಾಗ ಗೂಡ್ಸು ಬರುತ್ತದೆ.

ಎಲ್ಲಕ್ಕಿಂತ ಮೇಲೆ, ಅಡಿಗೆರೆ ಎಳೆದು,
ಬೇಳದ ಜಸಿಂತಾ ಕ್ರಾಸ್ತಾ.
ಒಬ್ಬಳೇ ಗಿಟಾರು ಹಿಡಿದು ಕನ್ನಡದಲ್ಲಿ ಹಾಡುತ್ತಾಳೆ,
ಸಾಲು ಮುಗಿಸಿ ಸುಮ್ಮನಾಗುತ್ತಾಳೆ.
ಎಷ್ಟು ಹೊತ್ತು ಸುಮ್ಮನಾಗುತ್ತಾಳೆ!
ಆ ಸುಮ್ಮನಿರುವುದನ್ನೇ ನಾನು ಮೆಚ್ಚಿದ್ದು.
'ಧೈರ್ಯ ಬೇಕು ಅದಕ್ಕೆ' ಎಂದು ಪಕ್ಕದಲ್ಲಿ ಬರೆದಿದ್ದೆ.

ಮೊನ್ನೆ ರಜೆ. ಮನೆಯಲ್ಲಿ ಬಸಳೆ ಬಿಡಿಸುತ್ತಾ
ಎರಡೂ ಕಿವಿಗೆ ಸಿಕ್ಕಿಸಿಕೊಂಡೆ.
ಅವಳು ಸುಮ್ಮನಾದಲ್ಲೆಲ್ಲ ಎಡಗಡೆಯಿಂದ
ಒಂದು ಮುದಿ ದನಿ, ಹೆಂಗಸಿನದು, ಕೊಂಕಣಿಯಲ್ಲಿ
ಉತ್ತರ ಕೊಡುತ್ತಿತ್ತು.
ನಡುವೆ ಒಮ್ಮೆ ಕೆಮ್ಮಿತು ಕೂಡ.

ಬರೆದದ್ದನ್ನು ಹೊಡೆದು ಹಾಕಲಿಲ್ಲ.
ಇವತ್ತು ರಾತ್ರಿ ಮತ್ತೆ ಬಲಗಿವಿಗೇ ಹಾಕಿ
ಅವಳು ಸುಮ್ಮನಾದಾಗ
ಎಡಗಿವಿಯಲ್ಲಿ ಕಾದೆ.
ಮಾವೇಲಿ ಹನ್ನೆರಡು ನಿಮಿಷ ತಡ,
ಅಂದರು ಮಂಜೇಶ್ವರದವರು.