ಳ ಇಲ್ಲದ ಅರ್ಜಿ

ಹಾಸನದ ಡಿಸಿ ಆಫೀಸಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಇಪ್ಪತ್ತಾರು ವರ್ಷದಿಂದ
ಬೇರೆಯವರ ಪರವಾಗಿ ಬೇಡುತ್ತಾ ಕೂತವನು ನಾನು.
ಖಾತೆ, ಪೋಡಿ, ವಿಧವಾ ವೇತನ, ಕಳೆದುಹೋದ ಪಡಿತರ ಚೀಟಿ.
ಪುಟಕ್ಕೆ ಮೂವತ್ತು, ಕಾರ್ಬನ್ ಪ್ರತಿಗೆ ಐದು.

ನನ್ನ ಟೈಪ್‌ರೈಟರಿನಲ್ಲಿ ಳ ಮುರಿದು ಎರಡು ವರ್ಷ.
ರಿಪೇರಿ ಮಾಡುತ್ತಿದ್ದ ಖಾಸಿಂ ಸಾಬರು ತೀರಿಹೋದರು,
ಅವರ ಅಂಗಡಿಯಲ್ಲೀಗ ಮೊಬೈಲ್ ಕವರು.
ಜಾಗ ಬಿಟ್ಟು ಹೊಡೆಯುತ್ತೇನೆ, ಆಮೇಲೆ ಪೆನ್ನಿನಲ್ಲಿ ತುಂಬುತ್ತೇನೆ.
ಮುರಿದ ಮೇಲೆಯೇ ತಿಳಿದದ್ದು,
ಳ ಇಲ್ಲದೆ ಒಂದರ ಮೇಲೆ ಎಣಿಸಲಾಗದು:
ಹಸು ಹಸುವಾಗಿಯೇ ಉಳಿಯುತ್ತದೆ, ಮರ ಮರವಾಗಿ.
ಕೊನೆಯ ಸಾಲಿನ ಬೇಡಿಕೊಳ್ಳುತ್ತೇನೆ
ಬೇಡಿಕೊ ಎಂದು ಅರ್ಧಕ್ಕೇ ನಿಂತು
ಸಾಹೇಬರಿಗೇ ಅಪ್ಪಣೆ ಕೊಟ್ಟಂತಾಗುತ್ತದೆ.

ಸೋಮವಾರ ಬಂದವರು ಹಳೇಬೀಡಿನ ಸಣ್ಣತಮ್ಮಯ್ಯ,
ಕೆಲಸ ಬಿಟ್ಟ ಗೈಡು.
ಕಂಕುಳಲ್ಲಿ ಹಂಗೇರಿಯ ಸ್ಟಾಂಪಿನ ಲಕೋಟೆ.
'ಪೇಚ್ ಅಂತ ಊರು ಸ್ವಾಮಿ, ಹೆಸರೇ ಹಂಗೆ.
ಇಲೋನಮ್ಮ ಅಂತ, ತೊಂಬತ್ಮೂರರಲ್ಲಿ ನಾನೇ ಗುಡಿ ತೋರ್ಸಿದ್ದು.
ಎಲ್ರೂ ಆನೆ ಎಣಿಸ್ಕೊಂಡು ಬಸ್ ಹತ್ತುದ್ರೆ
ಈವಮ್ಮ ಶಾಸನದ ಮುಂದೆ ಸಂಜೆಗಂಟ ಕೂತಿದ್ಲು.
ವಾಪಸ್ ಹೋಗಿ ಬ್ರೆಡ್ ಅಂಗಡಿ ಮೇಲ್ಗಡೆ
ಎರಡು ರೂಮು ಹಿಡಿದು ಬೋರ್ಡು ಹಾಕ್ಸವ್ಳೆ,
ಕನ್ನಡ ಸಂಸ್ಕೃತಿ ಮಾಹಿತಿ ಕೇಂದ್ರ.
ನಮ್ಮ ಸರ್ಕಾರ ಐದು ವರ್ಷ ದುಡ್ಡು ಕಳಿಸ್ತು,
ಆಮೇಲೆ ಯಾವ ಟೇಬಲ್ಲಲ್ಲಿ ಮಲಗ್ತೋ.
ಏಳು ತಿಂಗಳ ಬಾಡಿಗೆ ಬಾಕಿ. ಬರ್ಕೊಡಿ.'

ಬೆರಳಿಗೆ ಬಂದದ್ದು ಅದೇ ಹಳೇ ವಾಕ್ಯ:
ನಾನು ಕಡು ಬಡವಳಿದ್ದು ದಿಕ್ಕಿಲ್ಲದವಳಾಗಿ...
ಅಡ್ಡಗೆರೆ ಹೊಡೆಯಹೋದರೆ ಸಣ್ಣತಮ್ಮಯ್ಯ ತಡೆದರು:
'ಇರ್ಲಿ ಬಿಡಿ, ಒಳಗೆ ಓಡೋದು ಅದೇ.'

ಇಲೋನಮ್ಮನ ಕನ್ನಡ ಅಚ್ಚುಕಟ್ಟು, ನೀಲಿ ಶಾಯಿ.
ಳ ಮಾತ್ರ ಅವಳಿಗೂ ಇಲ್ಲ.
ಹಲೇಬೀಡು. ಬೆಲಕು. ಗೆಲೆಯ.
'ನಾಲಗೆ ಮಡಚು ಅಂತ ಎಷ್ಟು ಹೇಳ್ಕೊಟ್ಟೆ ಅಂತೀರಿ.
ಆ ದೇಶದಲ್ಲಿ ಮಡಚಲ್ವಂತೆ.'

ನಮೂನೆಯಲ್ಲೊಂದು ಕಾಲಂ: ಫಲಾನುಭವಿಗಳ ಸಂಖ್ಯೆ.
ಕಳೆದ ಸಾಲಿನಲ್ಲಿ ಹತ್ತೊಂಬತ್ತು.
ಅದರಲ್ಲಿಬ್ಬರು 'ಮಲೆಗೆ ನಿಂತವರು'.
ಯಾವ ಮಲೆ ಎಂದು ತಡವರಿಸಿದೆ. ಮಳೆ.
ಅವರನ್ನೂ ಬಿಡದೆ ಬರೆದಿದ್ದಾಳೆ, ಛತ್ರಿ ಇರಲಿಲ್ಲವೆಂದೂ.
ಇನ್ನೊಬ್ಬಳು ಜಾವಗಲ್ಲಿನ ನರ್ಸು, ನೂರ್‌ಜಹಾನ್.
ರಾತ್ರಿ ಪಾಳಿ ಮುಗಿಸಿ ಬಂದು, ಪುಸ್ತಕ ಮುಟ್ಟದೆ,
ಹಾಸನದಲ್ಲಿ ಬಿತ್ತನೆ ಆಲೂಗಡ್ಡೆ ಚೀಲಕ್ಕೆ ಈಗೆಷ್ಟು ಎಂದು ಕೇಳಿದಳಂತೆ.
'ನನಗೆ ತಿಳಿದಿರಲಿಲ್ಲ,' ಎಂದು ಇಲೋನಮ್ಮನ ಷರಾ,
'ಇದು ಮಾಹಿತಿ ಕೇಂದ್ರದ ಲೋಪ.'

ಹತ್ತೊಂಬತ್ತನ್ನು ನೂರಾತೊಂಬತ್ತು ಮಾಡಬಹುದಿತ್ತು,
ಒಂದು ಸೊನ್ನೆಯ ಕೆಲಸ, ಎಷ್ಟು ಸಲ ಮಾಡಿಲ್ಲ.
ಈ ಲೆಕ್ಕದ ಮುಂದೆ ಕೈ ಬರಲಿಲ್ಲ.

ಒಳಗೆ ವಿಷಯ ನಿರ್ವಾಹಕಿ ಕನ್ನಡಕ ಏರಿಸಿ,
'ಇದು ಸಂಸ್ಕೃತಿಗೋ ಪ್ರವಾಸೋದ್ಯಮಕ್ಕೋ?' ಅಂದರಂತೆ.
'ಆಲೂಗಡ್ಡೆ ಇದೆಯಲ್ಲ, ತೋಟಗಾರಿಕೆಗೂ ಒಂದು ಪ್ರತಿ ಹಾಕಿ.'
ನಕ್ಕರೋ ಇಲ್ಲವೋ ಸಣ್ಣತಮ್ಮಯ್ಯನಿಗೆ ಗೊತ್ತಾಗಲಿಲ್ಲ.
ಮೊಹರು ಬಿತ್ತು. ಒಳಬರುವ ಸಂಖ್ಯೆ ಸಿಕ್ಕಿತು.

ಸಂಜೆ ಪೇಚಿಗೆ ಕಳಿಸುವ ಕಾರ್ಬನ್ ಪ್ರತಿ ಮಡಚುವಾಗ ನೋಡಿದೆ:
ಪೆನ್ನಿನಲ್ಲಿ ತುಂಬಿದ್ದು ಮೇಲಿನ ಹಾಳೆಗಷ್ಟೇ.
ಕೆಳಗಿನದರಲ್ಲಿ ಎಲ್ಲ ಳ ಖಾಲಿ,
ನಲವತ್ತಮೂರು ಸಣ್ಣ ಕಿಟಕಿ.

ಪೆನ್ನಿನ ಮುಚ್ಚಳ ತೆಗೆದವನು ಮತ್ತೆ ಹಾಕಿದೆ.
ತುಂಬಲಿ ಅವಳೇ,
ಬ್ರೆಡ್ಡಿನ ವಾಸನೆಯ ಆ ಮಹಡಿಯಲ್ಲಿ
ನಾಲಗೆ ಮಡಚಿ ಮಡಚಿ ನೋಡುತ್ತಾ.

ಬಿ.ಎಂ. ರಸ್ತೆಯಲ್ಲಿ ಆಲೂಗಡ್ಡೆ ಲಾರಿ ಸಿಗ್ನಲ್ಲಿಗೆ ನಿಂತಿತ್ತು.
ಓಡಿಹೋಗಿ ಕ್ಲೀನರನ್ನು ಕೇಳಿ
ಅಂಚಿನಲ್ಲಿ ಬರೆದೆ:
ಚೀಲಕ್ಕೆ ಸಾವಿರದ ಒಂಬೈನೂರು. ನೂರ್‌ಜಹಾನರಿಗೆ ತಿಳಿಸುವುದು.