ಕೈಬರಹದ್ದೇ ಆಗಿರತಕ್ಕದ್ದು

ನಿಯಮ ಐದು: ಕಲಿಕೆಯ ದಿನಚರಿ
ಕೈಬರಹದ್ದೇ ಆಗಿರತಕ್ಕದ್ದು. ಭಾಷೆ ಯಾವುದೂ ಆದೀತು.

ಆ ಕೊನೆಯ ಮಾತು ನಂಬಿ
ವರ್ಷವಿಡೀ ಕನ್ನಡದಲ್ಲಿ ಗೀಚಿದೆ,
ಕಂಪ್ಯೂಟರು ಬಂದ ಮೇಲೆ ಎಕ್ಸ್‌ರೇ ಕೋಣೆಯಲ್ಲಿ
ಯಾರಿಗೂ ಬೇಡವಾಗಿ ಉಳಿದ ರಿಜಿಸ್ಟರಿನಲ್ಲಿ.
ಹೆಸರು, ವಯಸ್ಸು, ಅಂಗ, ಫಿಲ್ಮಿನ ಅಳತೆ
ಎಂದು ಅಚ್ಚಾದ ಗೆರೆಗಳ ಮೇಲೇ ಅಡ್ಡಾದಿಡ್ಡಿ
ನನ್ನ ಅಪರ್ಚರು, ನನ್ನ ಶಟರು, ನನ್ನ ತಪ್ಪು.

ನಿನ್ನೆ ರಾತ್ರಿ ಹೆದರಿಕೆ ಬಂತು.
ಸೌಮಿತ್ರನ ದಿನಚರಿ ನೋಡಿದ್ದೆ: ಬಣ್ಣದ ಚೀಟಿ, ಪುಟಕ್ಕೊಂದು ಶೀರ್ಷಿಕೆ,
ಮೊದಲಿಂದ ಕೊನೆವರೆಗೆ ಒಂದೇ ಶಾಯಿ.
ನನ್ನದರಲ್ಲಿ ಚಹಾ ಲೋಟದ ಬಳೆ,
ಉಳ್ಳಾಗಡ್ಡಿ ಎರಡು ಕಿಲೋ, ಗ್ಯಾಸಿನವನ ನಂಬರು,
‘ಇವತ್ತು ಏನೂ ಕಾಣಲಿಲ್ಲ’ ಅಂತ ಏಳು ಕಡೆ.

ಹೊಸ ನೋಟ್‌ಬುಕ್ಕು ತಂದು ಶುದ್ಧಪ್ರತಿಗೆ ಕೂತೆ.
ಮೂರನೇ ಪುಟಕ್ಕೆ ಗೊತ್ತಾಯಿತು,
ಅಕ್ಷರ ದುಂಡಗಾದಷ್ಟೂ ಸುಳ್ಳು ಸಲೀಸು.
ಮೇ ಹದಿನಾಲ್ಕಕ್ಕೆ ನನಗೆ ನೆರಳಿನ ಮರ್ಮ ಹೊಳೆದಿತ್ತಂತೆ!
ಮೇ ಹದಿನಾಲ್ಕು ಡಬಲ್ ಡ್ಯೂಟಿ. ಕಾಲು ಬಾತಿತ್ತು.
ಅಷ್ಟೇ.
ಮೂರು ಪುಟ ಹರಿದು ನೋಟ್‌ಬುಕ್ಕನ್ನು
ತಂಗಿಯ ಮಗಳ ಚೀಲಕ್ಕೆ ಹಾಕಿದೆ.

ಟಿಳಕ ರಸ್ತೆ, ಮೂರನೇ ಮಹಡಿ.
ಫಿಲ್ಮಿನ ಹಳೇ ಹಳದಿ ಡಬ್ಬಿಯಿಂದ
ಹನ್ನೆರಡು ಚಿತ್ರ ತೆಗೆದು ಮೇಜಿನ ಮೇಲೆ ಹರವಿದೆ.
ಹಿಂದೆ ಪೆನ್ಸಿಲಿನಲ್ಲಿ ನಂಬರು, ನೀಲಾಂಬಿಕಾ ಹತ್ತೂರೆ, ಬ್ಯಾಚು.
ಫ್ಯಾನಿಗೆ ನಾಲ್ಕನೆಯದು ಎದ್ದು ನಿಂತಿತು;
ಪರಚುರೆ ಸರ್ ಅದರ ಮೇಲೆ ಕನ್ನಡಕದ ಡಬ್ಬಿ ಇಟ್ಟರು.
ಮಾತಿಲ್ಲ. ದಿನಕ್ಕೆ ಅರವತ್ತು ಮಂದಿಗೆ ನಾನು ಹೇಳುತ್ತೇನೆ:
ಉಸಿರು ಹಿಡೀರಿ, ಅಲ್ಲಾಡಬ್ಯಾಡ್ರಿ, ಆಂ, ಬಿಡ್ರಿ.
ಇಲ್ಲಿ ‘ಬಿಡ್ರಿ’ ಅನ್ನುವವರೇ ಇಲ್ಲ.

ಒಂಬತ್ತನೆಯದು. ಜುನಾ ಬಾಜಾರಿನ ಭಾನುವಾರ,
ತುಕ್ಕಿನ ರಾಶಿ, ರಾಶಿಯ ಮೇಲೊಂದು ಮುದಿ ಕೈ.
‘ಮುಖ ಯಾಕೆ ಫೋಕಸ್ಸಿನಲ್ಲಿಲ್ಲ?’ ಮರಾಠಿಯಲ್ಲಿ ಕೇಳಿದರು.
‘ಮುಖ ನನಗೆ ಗೊತ್ತಿಲ್ಲ ಸರ್. ಮಣಿಕಟ್ಟು ಗೊತ್ತು.
ಎರಡು ಮಳೆಗಾಲದ ಹಿಂದೆ ನಾನೇ ತೆಗೆದದ್ದು,
ಮೇಲಿಂದೊಂದು, ಮಗ್ಗುಲಿಂದೊಂದು.
ಅವನು ನನ್ನ ಗುರುತು ಹಿಡಿಯಲಿಲ್ಲ.
ಒಳಗೆ ಒಂದು ಗುಬ್ಬಿಯಷ್ಟು ಸೊಟ್ಟ ಉಳಿದಿದೆ, ನೋಡಿ, ನೆರಳು ಹೇಳುತ್ತದೆ.’

ಮೃಣ್ಮಯಿ ಮೇಡಮ್ ರಿಜಿಸ್ಟರು ಮಗುಚಿ ಮಗುಚಿ ನೋಡಿ
ಬೆರಳಿಟ್ಟು, ‘ಇಷ್ಟು ಓದಿ’ ಎಂದರು.
ಓದಿದೆ:
‘ಕೀಲಿಕೈ ಇಲ್ಲದ ಕೀಲಿ ಮಾರುತ್ತಾನೆ.
ಕೀಲಿ ಮಾರುವವನ ಕೀಲು ಸರಿ ಕೂತಿಲ್ಲ.’
ಮರಾಠಿಗೆ ತಿರುಗಿಸಹೋದೆ. ಅಲ್ಲಿ ಕೀಲಿ ಬೇರೆ,
ಕೀಲು ಬೇರೆ, ಒಂದಕ್ಕೊಂದು ಪರಿಚಯವೇ ಇಲ್ಲ.
ಗಾಬರಿಗೆ ಕೆಳಗಿನ ಸಾಲೂ ಓದಿಬಿಟ್ಟೆ:
ಉಳ್ಳಾಗಡ್ಡಿ ಎರಡು ಕಿಲೋ, ಬೆಳ್ಳುಳ್ಳಿ ಬೇಡ.
ಅವರು ನಗಲಿಲ್ಲ. ಏನೋ ಬರೆದುಕೊಂಡರು,
ನನ್ನಕ್ಕಿಂತ ಕೆಟ್ಟ ಅಕ್ಷರದಲ್ಲಿ.

ದಿನಚರಿ ಆರು ವಾರ ಇಲಾಖೆಯಲ್ಲೇ ಇರುತ್ತದೆ, ಎಂದ ಗುಮಾಸ್ತ,
ರಸೀದಿ ಹರಿದುಕೊಟ್ಟ.
ಡಬ್ಬಿ ಹಗುರ. ಕೈ ಹಗುರ. ಅದೇ ಒಂದು ತೊಂದರೆ.

ಸ್ವಾರಗೇಟಿನ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು
ಕಂಬಿ ಹಿಡಿಯಲು ಕೈ ಎತ್ತಿದಳು,
ಬಳೆಗಳೆಲ್ಲ ಮೊಳಕೈಗೆ ಜಾರಿದವು, ಬಿಸಿಲು ಅವುಗಳ ಹಿಂದೆಯೇ ಹೋಯಿತು.
ಕ್ಯಾಮೆರಾ ಮನೆಯಲ್ಲಿ. ರಿಜಿಸ್ಟರು ಅವರ ಬೀರುವಿನಲ್ಲಿ.
ಟಿಕೀಟಿನ ಹಿಂದೆ ಬರೆದೆ:
ಐದು ನಲವತ್ತು. ಎಡಗೈ. ಹದಿನೈದೋ ಹದಿನಾರೋ ಬಳೆ.
ಎಣಿಸುವಷ್ಟರಲ್ಲಿ ಇಳಿದಳು.